ಹಾಸಿಗೆಯಲ್ಲಿ ಮಲಗಿ ಗಡಿಯಾರ ನೋಡಿದವನು: ಕ್ರಿಸ್ಟಿಯಾನ್ ಹೈಗನ್ಸ್

ಎರಡನೇ ಪಿಯುಸಿ ಫಿಸಿಕ್ಸ್ ಓದಿದವರಿಗೆಲ್ಲ ಹೈಗನ್ಸ್ ಅಂದ ಕೂಡಲೇ ನೆನಪಾಗೋದು ಒಂದೇ, ಹೈಗನ್ಸ್ ತತ್ವ. ಅಲೆಯ ಮುಂಭಾಗದ ಪ್ರತಿಯೊಂದು ಬಿಂದುವೂ ಹೊಸ ಪುಟ್ಟ ಅಲೆಗಳ ಮೂಲ ಅಂತ ಬರೆದು, ಪಕ್ಕದಾಗ ಸಾಲಾಗಿ ಅರ್ಧಚಂದ್ರ ತೆಗೆದರೆ ಮಾರ್ಕ್ಸ್ ಬರ್ತಿತ್ತು. ನಾವೂ ಅಷ್ಟೇ ಓದಿ ಮುಂದೆ ಬಂದೀವಿ. ಆ ಹೆಸರಿನ ಹಿಂದೆ ಒಬ್ಬ ಮನುಷ್ಯ ಇದ್ದ, ಅವನಿಗೂ ಅಪ್ಪ, ಅಣ್ಣ, ಜ್ವರ, ಬೇಜಾರು, ಜಗಳ ಎಲ್ಲಾ ಇದ್ದವು ಅನ್ನೋದು ಪುಸ್ತಕದಾಗ ಇರಲಿಲ್ಲ.

ಈ ಸಂಚಿಕೆಗೆ ಅವನನ್ನೇ ಯಾಕೆ ಆರಿಸಿಕೊಂಡೀವಿ ಅಂದ್ರ, ಒಂದು ಮನೆಯ ಬೇರೆ ಬೇರೆ ಕೋಣೆಗಳಲ್ಲಿ ಇಟ್ಟ ಸ್ಪೀಕರ್‌ಗಳನ್ನು ಗುಂಪು ಮಾಡಿ, ಎಲ್ಲವೂ ಒಂದೇ ಹಾಡನ್ನು ಒಂದೇ ಕ್ಷಣಕ್ಕೆ ಹಾಡುವಂತೆ ಮಾಡೋ ಕೆಲಸ ಇದೆಯಲ್ಲ, ಅದರಲ್ಲಿ ಬರುವ ಎರಡು ಮುಖ್ಯ ಸಂಗತಿಗಳನ್ನು ಈ ಮನುಷ್ಯ 330 ವರ್ಷಕ್ಕೂ ಹಿಂದೆಯೇ ಗಮನಿಸಿದ್ದ. ಒಂದು ಗಡಿಯಾರಗಳದ್ದು, ಇನ್ನೊಂದು ಕಾರಂಜಿಯದ್ದು. ಎರಡನ್ನೂ ಹೇಳ್ತೀವಿ. ಮೊದಲು ಅವನ ಮನೆಯಿಂದ ಶುರು ಮಾಡೋಣ.

ಹಾಡು ತುಂಬಿದ ಮನೆ

ಕ್ರಿಸ್ಟಿಯಾನ್ ಹೈಗನ್ಸ್ ಹುಟ್ಟಿದ್ದು 1629ರ ಏಪ್ರಿಲ್ 14ರಂದು, ಹಾಲೆಂಡಿನ ಹೇಗ್ ಊರಿನಲ್ಲಿ. ಅಪ್ಪ ಕಾನ್‌ಸ್ಟಾಂಟೈನ್ ಹೈಗನ್ಸ್ ಸಣ್ಣ ಮನುಷ್ಯ ಅಲ್ಲ. ಡಚ್ ಭಾಷೆಯ ದೊಡ್ಡ ಕವಿ, ಸಂಗೀತಗಾರ, ಮೇಲಾಗಿ ಆರೆಂಜ್ ಮನೆತನದ ರಾಜಕುಮಾರರಿಗೆ ಕಾರ್ಯದರ್ಶಿ. ತತ್ವಜ್ಞಾನಿ ಡೆಕಾರ್ಟ್ ಈ ಮನೆಯ ಪರಿಚಯಸ್ಥ. ಅಂಥ ಮನೆಯಲ್ಲಿ ಹುಡುಗರಿಗೆ ಪಾಠ ಮನೆಯಲ್ಲೇ ನಡೆಯಿತು. ಲ್ಯಾಟಿನ್, ಗಣಿತ, ಹಾಡು, ವಾದ್ಯ ಎಲ್ಲಾ. ಕ್ರಿಸ್ಟಿಯಾನ್ ಚಿಕ್ಕಂದಿನಲ್ಲೇ ಲ್ಯೂಟ್, ಹಾರ್ಪ್ಸಿಕಾರ್ಡ್ ನುಡಿಸಲು ಕಲಿತ. ಎಂಟು ವರ್ಷದವನಿದ್ದಾಗ ತಾಯಿ ತೀರಿಕೊಂಡಳು.

ಅಪ್ಪನ ಲೆಕ್ಕದಲ್ಲಿ ಮಗ ರಾಜತಂತ್ರದ ನೌಕರಿಗೆ ಹೋಗಬೇಕು. ಅದಕ್ಕೇ 1645ರಲ್ಲಿ ಲೈಡನ್ ವಿಶ್ವವಿದ್ಯಾಲಯಕ್ಕೆ ಕಾನೂನು ಓದಲು ಕಳಿಸಿದ. ಮಗ ಕಾನೂನಿನ ಜೊತೆಗೆ ಗಣಿತವನ್ನೂ ಓದಿದ, ಮನಸ್ಸೆಲ್ಲ ಗಣಿತದ ಕಡೆಗೇ ಇತ್ತು. ಈ ಕಥೆ ನಮ್ಮ ಬ್ಯಾಚಿನಲ್ಲಿ ಎಷ್ಟು ಮಂದಿಗೆ ತಮ್ಮದೇ ಅನ್ನಿಸ್ತದೋ ಲೆಕ್ಕ ಹಾಕಬೇಡ್ರಿ. ಅವನ ಪುಣ್ಯಕ್ಕೆ ಅಪ್ಪ ಹಟ ಮಾಡಲಿಲ್ಲ. ಮನೆಯಲ್ಲೇ ಇಟ್ಟುಕೊಂಡು ಖರ್ಚಿಗೆ ಕೊಟ್ಟ, ಮಗ ತನಗೆ ಬೇಕಾದ್ದು ಮಾಡಿದ.

ಮಾಡಿದ್ದಾದರೂ ಏನು? ಅಣ್ಣನ ಜೊತೆ ಕೂತು ಗಾಜು ಉಜ್ಜಿ ಉಜ್ಜಿ ಲೆನ್ಸ್ ತಯಾರಿಸಿದ, ದೂರದರ್ಶಕ ಕಟ್ಟಿದ. 1655ರಲ್ಲಿ ಅದರಲ್ಲಿ ಶನಿಗ್ರಹದ ದೊಡ್ಡ ಉಪಗ್ರಹ ಕಂಡಿತು, ಇವತ್ತು ನಾವು ಟೈಟಾನ್ ಅಂತೀವಿ. ಗೆಲಿಲಿಯೋಗೆ ಶನಿಯ ಎರಡೂ ಕಡೆ ಕಿವಿಯಂಥದ್ದೇನೋ ಕಂಡಿತ್ತು, ಅದೇನೆಂದು ಬಿಡಿಸಲು ಆಗಿರಲಿಲ್ಲ. ಅದು ಗ್ರಹವನ್ನು ಎಲ್ಲೂ ಮುಟ್ಟದ ತೆಳುವಾದ ಉಂಗುರ ಅಂತ ಹೈಗನ್ಸ್ ಹೇಳಿದ. ಒಮ್ಮೆಲೇ ಹೇಳಲಿಲ್ಲ, ಮೊದಲು ಅಕ್ಷರಗಳನ್ನು ಕಲಸಿ ಒಗಟಿನಂತೆ ಪ್ರಕಟಿಸಿದ. ಪೂರ್ತಿ ಖಾತ್ರಿಯಾದ ಮೇಲೆ, 1659ರ ಪುಸ್ತಕದಲ್ಲಿ ಬಿಡಿಸಿ ಇಟ್ಟ. ಖಾತ್ರಿಯಾಗದೆ ಬಾಯಿ ಬಿಡಬಾರದು ಅನ್ನೋ ಈ ಗುಣ ಅವನಿಗೆ ಹೆಸರನ್ನೂ ತಂತು, ಮುಂದೆ ನಷ್ಟವನ್ನೂ ತಂತು.

ಲೋಲಕದ ಗಡಿಯಾರ

1656ರ ಕೊನೆಯಲ್ಲಿ ಹೈಗನ್ಸ್ ಲೋಲಕದ ಗಡಿಯಾರ ಕಂಡುಹಿಡಿದ. ಅದೇ ವರ್ಷ ಇತ್ತ ನಮ್ಮ ನೆರೆಯ ವಿಜಯಪುರದಲ್ಲಿ ಮೊಹಮ್ಮದ್ ಆದಿಲ್ ಶಾಹ ತೀರಿಕೊಂಡು, ಗೋಲ್ ಗುಂಬಜಿನ ಕೆಳಗೆ ಮಣ್ಣಾದ. ಒಂದು ಕಡೆ ಒಂದು ದನಿಯನ್ನು ಮತ್ತೆ ಮತ್ತೆ ಕೇಳಿಸೋ ಗುಂಬಜು, ಇನ್ನೊಂದು ಕಡೆ ಸಮಯವನ್ನು ಸರಿಯಾಗಿ ಕತ್ತರಿಸೋ ಯಂತ್ರ. ಕಾಲ ಒಂದೇ.

ಲೋಲಕದ ತೂಗಾಟಕ್ಕೆ ನಿಶ್ಚಿತ ಅವಧಿ ಇದೆ ಅಂತ ಗೆಲಿಲಿಯೋಗೆ ಗೊತ್ತಿತ್ತು. ಅದನ್ನು ನಡೆಯುವ ಗಡಿಯಾರದೊಳಗೆ ಕೂಡಿಸಿದವನು ಹೈಗನ್ಸ್. ಕಟ್ಟಿಕೊಟ್ಟವನು ಸಾಲೊಮನ್ ಕೋಸ್ಟರ್ ಅನ್ನೋ ಗಡಿಯಾರದ ಕುಶಲಕರ್ಮಿ. ಅದಕ್ಕಿಂತ ಮೊದಲಿನ ಗಡಿಯಾರಗಳು ದಿನಕ್ಕೆ ಸುಮಾರು 15 ನಿಮಿಷ ಹಿಂದುಮುಂದು ಆಗುತ್ತಿದ್ದವು. ಈಗ ಆ ವ್ಯತ್ಯಾಸ ಸುಮಾರು 15 ಸೆಕೆಂಡಿಗೆ ಇಳಿಯಿತು. ಒಂದೇ ಏಟಿಗೆ 60 ಪಟ್ಟು ಸುಧಾರಣೆ!

ಇದರ ಹಿಂದೆ ಜೀವದ ಪ್ರಶ್ನೆ ಇತ್ತು. ಸಮುದ್ರದ ಮೇಲಿನ ಹಡಗಿಗೆ ತಾನು ಪೂರ್ವಕ್ಕೆ ಎಷ್ಟು, ಪಶ್ಚಿಮಕ್ಕೆ ಎಷ್ಟು ಬಂದೀನಿ ಅಂತ ತಿಳಿಯುವ ದಾರಿ ಇರಲಿಲ್ಲ. ಭೂಮಿ 24 ಗಂಟೆಗೆ 360 ಡಿಗ್ರಿ ತಿರುಗ್ತದ, ಅಂದ್ರ 4 ನಿಮಿಷಕ್ಕೆ 1 ಡಿಗ್ರಿ. ಹೊರಟ ಬಂದರಿನ ಸಮಯ ತೋರಿಸೋ ಗಡಿಯಾರ ಹಡಗಿನಲ್ಲಿದ್ದರೆ, ಅದನ್ನು ಸೂರ್ಯನ ಸಮಯಕ್ಕೆ ಹೋಲಿಸಿ ರೇಖಾಂಶ ತೆಗೆಯಬಹುದು. ಆದರೆ ಗಡಿಯಾರ 1 ನಿಮಿಷ ತಪ್ಪಿದರೂ ಸಮಭಾಜಕದ ಹತ್ತಿರ ಸುಮಾರು 28 ಕಿಲೋಮೀಟರ್ ಲೆಕ್ಕ ತಪ್ಪಿತು. ಕತ್ತಲಲ್ಲಿ ಬಂಡೆಗೆ ಬಡಿಯಲು ಅಷ್ಟು ಸಾಕು. ಅದಕ್ಕೇ ಹೈಗನ್ಸ್ ಹಡಗಿಗಾಗಿಯೇ ಗಡಿಯಾರ ಮಾಡಿಸಿದ. ಒಂದು ನಿಂತುಹೋದರೆ ಇನ್ನೊಂದು ಇರಲಿ ಅಂತ ಜೋಡಿಯಾಗಿ ಮಾಡಿಸಿದ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರ ಬ್ಯಾಕಪ್.

1665ರ ಫೆಬ್ರವರಿ

ಆ ತಿಂಗಳು ಹೈಗನ್ಸ್‌ಗೆ ಮೈ ಸರಿ ಇರಲಿಲ್ಲ, ಹಾಸಿಗೆ ಹಿಡಿದಿದ್ದ. ಕೋಣೆಯಲ್ಲಿ ಎರಡು ಗಡಿಯಾರಗಳು ಅಕ್ಕಪಕ್ಕ ತೂಗಿದ್ದವು. ಮಾಡಲು ಬೇರೆ ಕೆಲಸ ಇಲ್ಲದೆ ನೋಡುತ್ತಾ ಮಲಗಿದವನಿಗೆ ಒಂದು ವಿಚಿತ್ರ ಕಂಡಿತು. ಎರಡೂ ಲೋಲಕ ಒಂದಕ್ಕೊಂದು ಎದುರುಬದುರಾಗಿ, ಒಂದು ಎಡಕ್ಕೆ ಹೋದರೆ ಇನ್ನೊಂದು ಬಲಕ್ಕೆ, ಚೂರೂ ತಪ್ಪದೆ ತೂಗುತ್ತಿದ್ದವು. ಬೇಕಂತಲೇ ಒಂದನ್ನು ಕೆಡಿಸಿದ. ಅರ್ಧ ಗಂಟೆಯೊಳಗೆ ಮತ್ತೆ ಹೊಂದಿಕೊಂಡವು. ದೂರ ದೂರ ಇಟ್ಟ. ಆಗ ಒಂದೊಂದು ತನ್ನ ದಾರಿ ಹಿಡಿಯಿತು, ದಿನಕ್ಕೆ ಕೆಲವು ಸೆಕೆಂಡ್ ವ್ಯತ್ಯಾಸ ಬಂತು.

ಮೊದಲು ಅವನಿಗೆ ಗಾಳಿಯ ಅಲುಗಾಟದಿಂದ ಹೀಗಾಗ್ತದ ಅನ್ನಿಸಿತು. ಆಮೇಲೆ ಎರಡು ಕುರ್ಚಿಗಳ ಬೆನ್ನಿನ ಮೇಲೆ ಹಲಗೆ ಇಟ್ಟು, ಆ ಹಲಗೆಗೆ ಗಡಿಯಾರಗಳನ್ನು ತೂಗುಹಾಕಿ ನೋಡಿದ. ಕುರ್ಚಿಗಳೇ ನಡುಗುತ್ತಿದ್ದವು! ಕಣ್ಣಿಗೆ ಕಾಣದಷ್ಟು ಸಣ್ಣ ಅಲುಗಾಟ ಹಲಗೆಯ ಮೂಲಕ ಒಂದರಿಂದ ಇನ್ನೊಂದಕ್ಕೆ ದಾಟುತ್ತಿತ್ತು, ಎರಡನ್ನೂ ಒಂದು ತಾಳಕ್ಕೆ ತರುತ್ತಿತ್ತು. ಅಪ್ಪನಿಗೆ ಪತ್ರ ಬರೆದ, ಲಂಡನ್ನಿನ ರಾಯಲ್ ಸೊಸೈಟಿಗೂ ತಿಳಿಸಿದ.

ಇವತ್ತು ಇದನ್ನು ಸಿಂಕ್ರೊನೈಸೇಷನ್ ಅಧ್ಯಯನದ ಮೊದಲ ಹೆಜ್ಜೆ ಅಂತ ಜಗತ್ತು ಒಪ್ಪಿದೆ. ಆದರೆ ಆಗ ಲಂಡನ್ನಿನಲ್ಲಿ ಇದನ್ನು ಓದಿದವರಿಗೆ ಅನುಮಾನ ಬಂತು. ಇಷ್ಟು ಸಣ್ಣ ಅಲುಗಾಟಕ್ಕೆ ಬದಲಾಗೋ ಗಡಿಯಾರ, ಉಯ್ಯಾಲೆಯಂತೆ ತೂಗೋ ಹಡಗಿನಲ್ಲಿ ಏನು ಸಮಯ ತೋರಿಸೀತು? ತನ್ನ ದೊಡ್ಡ ಕನಸಿಗೆ ತನ್ನದೇ ಶೋಧ ಅಡ್ಡ ಬಂತು. ಮುಚ್ಚಿಡಬಹುದಿತ್ತು, ಅವನು ಮುಚ್ಚಿಡಲಿಲ್ಲ. ನಮಗೆ ಈ ಮನುಷ್ಯನ ಮೇಲೆ ಗೌರವ ಹುಟ್ಟಿದ್ದು ಇಲ್ಲಿ.

ಹವಳಗಾದ ಮೂರು ಸ್ಪೀಕರ್

ಈಗ ಸ್ವಲ್ಪ ಹೊತ್ತು ಹಾಲೆಂಡ್ ಬಿಟ್ಟು ನಮ್ಮ ಕಡೆ ಬರ್ರಿ. ನಮ್ಮ ಗುಂಪಿನಲ್ಲಿ ಒಬ್ಬನ ಊರು ಅಫಜಲಪುರ ತಾಲೂಕಿನ ಹವಳಗಾ, ಸಕ್ಕರೆ ಕಾರ್ಖಾನೆ ಇರೋ ಊರು. ಅವನ ಮುತ್ಯಾ ಸೊಂಟದ ಮೂಳೆ ಮುರಿದು ಪಡಸಾಲಿಯಲ್ಲಿ ಮಂಚ ಹಿಡಿದಾನ. ಆಯಿ ಹೊತ್ತೆಲ್ಲ ಅಡಗಿಮನಿಯಲ್ಲಿ. ಇಬ್ಬರಿಗೂ ಕಡಕೋಳ ಮಡಿವಾಳಪ್ಪನ ತತ್ವಪದ ಅಂದ್ರ ಜೀವ, ಮೊದಲು ಇಬ್ಬರೂ ಕೂಡಿ ಭಜನಿಗೆ ಹೋಗುತ್ತಿದ್ದರು. ಈಗ ಮುತ್ಯಾನ ಹಾಡು ಬೇರೆ, ಆಯಿಯ ಹಾಡು ಬೇರೆ. ಇಬ್ಬರೂ ತಮ್ಮ ತಮ್ಮ ಜಾಗದಾಗ ಇದ್ದು ಒಂದೇ ಪದ ಕೂಡಿ ಕೇಳಬೇಕು ಅನ್ನೋದು ಮೊಮ್ಮಗನ ಆಸೆ. ರಜೆಯಲ್ಲಿ ನಾವು ನಾಲ್ವರು ಹೋಗಿ ಕೂತೆವು.

ಇದಕ್ಕೆ ಸ್ನ್ಯಾಪ್‌ಕಾಸ್ಟ್ ಅನ್ನೋ ಪುಕ್ಕಟೆ, ಓಪನ್ ಸೋರ್ಸ್ ತಂತ್ರಾಂಶ ಇದೆ. ಒಂದು ಸರ್ವರ್ ಹಾಡನ್ನು ಕಳಿಸ್ತದ, ಪ್ರತಿ ಕೋಣೆಯ ಸ್ಪೀಕರಿಗೆ ಒಂದು ಕ್ಲೈಂಟ್. ಪಡಸಾಲಿಯಲ್ಲಿ ರಾಸ್ಪ್‌ಬೆರಿ ಪೈ ಮತ್ತು ವೈರ್ ಸ್ಪೀಕರ್, ಸರ್ವರ್ ಕೂಡ ಅದರಲ್ಲೇ. ಅಡಗಿಮನಿಯಲ್ಲಿ ಹಳೇ ಫೋನ್ ಮತ್ತು ಬ್ಲೂಟೂತ್ ಸ್ಪೀಕರ್. ಮಾಳಿಗಿಯ ಕೋಣೆಯಲ್ಲಿ ಇನ್ನೊಂದು ಫೋನ್, ವೈರ್ ಸ್ಪೀಕರ್. ಎಲ್ಲವೂ ಒಂದೇ ವೈಫೈ ಮೇಲೆ.

ತೊಡಕು ಏನಂದ್ರ, ಪ್ರತಿ ಸಾಧನದೊಳಗೂ ಒಂದು ಗಡಿಯಾರ ಇರ್ತದ. ಲೋಲಕದ ಬದಲು ಕ್ವಾರ್ಟ್ಜ್ ಹರಳು, ಆದರೆ ಗುಣ ಅದೇ. ಎರಡು ಹರಳುಗಳ ನಡುವೆ ಹತ್ತು ಲಕ್ಷಕ್ಕೆ 20ರಷ್ಟು ವ್ಯತ್ಯಾಸ ಇದ್ದರೂ ಒಂದು ಗಂಟೆಗೆ 72 ಮಿಲಿಸೆಕೆಂಡ್ ದೂರವಾಯಿತು. ಎರಡು ಸ್ಪೀಕರಿನ ನಡುವೆ 30-40 ಮಿಲಿಸೆಕೆಂಡ್ ದಾಟಿದರೆ ಕಿವಿ ಅದನ್ನು ಒಂದೇ ದನಿ ಅಂತ ಒಪ್ಪೋದು ಕಷ್ಟ, ಪ್ರತಿಧ್ವನಿಯಂತೆ ಕೇಳ್ತದ. ಅಂದ್ರ ಎಲ್ಲಾ ಸ್ಪೀಕರುಗಳನ್ನು ಒಟ್ಟಿಗೆ ಶುರು ಮಾಡಿ ಕೈಬಿಟ್ಟರೆ, ಒಂದು ಭಜನಿ ಮುಗಿಯೋದರೊಳಗೆ ತಾಳ ತಪ್ಪತಾವ. ದೂರ ಇಟ್ಟ ಹೈಗನ್ಸ್ ಗಡಿಯಾರಗಳ ಹಂಗೇ.

ಇಲ್ಲಿ ಹಲಗೆಯ ಕೆಲಸ ಮಾಡೋದು ವೈಫೈ. ಆದರೆ ವ್ಯತ್ಯಾಸ ಇದೆ. ಹೈಗನ್ಸ್ ಗಡಿಯಾರಗಳಿಗೆ ಯಜಮಾನ ಇರಲಿಲ್ಲ, ಎರಡೂ ಒಂದನ್ನೊಂದು ಎಳೆದವು. ಇಲ್ಲಿ ಸರ್ವರಿನ ಗಡಿಯಾರವೇ ಯಜಮಾನ. ಕ್ಲೈಂಟುಗಳು ಪದೇ ಪದೇ ಅದನ್ನು ಸಮಯ ಕೇಳಿ, ತಮ್ಮ ಗಡಿಯಾರದ ವ್ಯತ್ಯಾಸ ಲೆಕ್ಕ ಹಾಕಿಕೊಳ್ತಾವ. ಹಾಡಿನ ಪ್ರತಿ ತುಣುಕಿನ ಮೇಲೂ ಸಮಯದ ಮುದ್ರೆ ಇರ್ತದ. ಬಂದ ಕೂಡಲೇ ನುಡಿಸೋದಿಲ್ಲ. ಸುಮಾರು ಒಂದು ಸೆಕೆಂಡಿನಷ್ಟು ಬಫರಿನಲ್ಲಿ ಇಟ್ಟುಕೊಂಡು, ಎಲ್ಲರೂ ಅದೇ ಕ್ಷಣಕ್ಕೆ ಬಿಡ್ತಾವ. ಹಿಂದೆ ಬಿದ್ದರೆ ಕಿವಿಗೆ ಗೊತ್ತಾಗದಷ್ಟು ಚೂರು ವೇಗ ಹೆಚ್ಚಿಸಿ ಸರಿಮಾಡಿಕೊಳ್ತಾವ.

ಹೊಂದಿಸೋ ಕೆಲಸ ಈ ಕ್ರಮದಲ್ಲಿ ನಡೆಯಿತು. ಮೊದಲು ಪ್ರತಿ ಕ್ಲೈಂಟಿಗೆ ಕೋಣೆಯ ಹೆಸರು ಇಟ್ಟೆವು: ಪಡಸಾಲಿ, ಅಡಗಿಮನಿ, ಮಾಳಿಗಿ. ಹೆಸರಿಡದೇ ಹೋದರೆ ಪರದೆಯ ಮೇಲೆ ಯಾವುದು ಯಾವುದೆಂದು ಮನೆಯವರಿಗೆ ತಿಳಿಯೋದಿಲ್ಲ. ಆಮೇಲೆ ಗುಂಪು. ಪಡಸಾಲಿ ಮತ್ತು ಅಡಗಿಮನಿ ಒಂದು ಗುಂಪು, ಅದಕ್ಕೆ ತತ್ವಪದದ ಸ್ಟ್ರೀಮ್. ಮಾಳಿಗಿಯಲ್ಲಿ ತಂಗಿ ಎಸ್ಸೆಸ್ಸೆಲ್ಸಿ ಓದ್ತಾಳ, ಅದನ್ನು ಬೇರೆ ಗುಂಪು ಮಾಡಿ ಸುಮ್ಮನೆ ಇಟ್ಟೆವು. ಹಬ್ಬದ ದಿನ ಮೂರೂ ಒಂದೇ ಗುಂಪಿಗೆ ಸೇರಿಸಿದರಾಯಿತು. ವಾಲ್ಯೂಮ್ ಮಾತ್ರ ಪ್ರತಿ ಕೋಣೆಗೆ ಬೇರೆ. ಮುತ್ಯಾನ ಕಿವಿ ಮಂದ, ಅವನದು ಜಾಸ್ತಿ.

ಕೊನೆಗೆ ಉಳಿದದ್ದು ಬ್ಲೂಟೂತ್. ಅದು ತನ್ನೊಳಗೇ 100ರಿಂದ 200 ಮಿಲಿಸೆಕೆಂಡ್ ತಡಮಾಡೋದು ಸಾಮಾನ್ಯ, ತಂತ್ರಾಂಶಕ್ಕೆ ಅದು ಕಾಣೋದಿಲ್ಲ. ಅದಕ್ಕಂತಲೇ ಪ್ರತಿ ಕ್ಲೈಂಟಿಗೆ ಲೇಟೆನ್ಸಿ ಅನ್ನೋ ಒಂದು ಅಂಕಿ ಕೊಡಬಹುದು. ಅಷ್ಟು ಕೊಟ್ಟರೆ ಆ ಕ್ಲೈಂಟ್ ಅಷ್ಟು ಮುಂಚೆಯೇ ದನಿ ಬಿಡ್ತದ. ಇದನ್ನು ಹಾಡು ಹಾಕಿ ಹೊಂದಿಸೋದು ಕಷ್ಟ. ಸೆಕೆಂಡಿಗೆ ಒಂದು ಟಕ್ ಅನ್ನೋ ಸದ್ದು ಹಾಕಿದೆವು, ಎರಡೂ ಕೋಣೆಯ ನಡುವಿನ ಬಾಗಿಲಲ್ಲಿ ಒಬ್ಬರು ನಿಂತರು, ಇನ್ನೊಬ್ಬರು ಅಂಕಿ ಏರಿಸುತ್ತ ಹೋದರು. ಕಿವಿಯಲ್ಲಿ ನಮಗೆ ಒಂದೇ ಅನ್ನಿಸಿದ ಮೇಲೂ ಮುತ್ಯಾ ಮಲಗಿದಲ್ಲಿಂದಲೇ ಕೈ ಅಡ್ಡಾಡಿಸಿ ಇನ್ನೂ ಎರಡು ಕೇಳ್ತಾವ ಅಂತ ಹೇಳಿದ. 170ರ ಹತ್ತಿರ ಬಂದಾಗ ತಲೆ ಆಡಿಸಿದ. ಕಿವಿ ಮಂದ ಇದ್ದರೂ ಐವತ್ತು ವರ್ಷ ತಾಳ ಹಿಡಿದ ಮನುಷ್ಯ. ಸಂಜೆ ಕರೆಂಟ್ ಹೋಗಿ ಬಂತು. ಕೆಲವೇ ಸೆಕೆಂಡಿನಲ್ಲಿ ಎರಡೂ ತಾವಾಗಿಯೇ ಮತ್ತೆ ಒಂದಾದವು. ಹೈಗನ್ಸ್ ಅರ್ಧ ಗಂಟೆ ಕಾಯಬೇಕಾಗಿತ್ತು.

ಶತ್ರು ರಾಜನ ಊರಿನಲ್ಲಿ

1666ರಲ್ಲಿ ಹೈಗನ್ಸ್ ಪ್ಯಾರಿಸ್‌ಗೆ ಹೋದ. ಫ್ರಾನ್ಸಿನ ದೊರೆ 14ನೇ ಲೂಯಿಯ ಮಂತ್ರಿ ಕೋಲ್ಬೇರ್ ಹೊಸದಾಗಿ ಕಟ್ಟಿದ ವಿಜ್ಞಾನ ಅಕಾಡೆಮಿಗೆ ಅವನೇ ಮುಖ್ಯ ಆಕರ್ಷಣೆ. ಒಳ್ಳೆ ಸಂಬಳ, ಇರಲು ಮನೆ, ಜಗತ್ತಿನ ದೊಡ್ಡ ತಲೆಗಳ ಸಹವಾಸ. ಜರ್ಮನಿಯಿಂದ ಬಂದ ತರುಣ ಲೈಬ್ನಿಟ್ಸ್‌ಗೆ ಗಣಿತದ ದಾರಿ ತೋರಿಸಿದವನೂ ಇವನೇ.

ಆದರೆ 1672ರಲ್ಲಿ ಅದೇ ಲೂಯಿ ಹಾಲೆಂಡಿನ ಮೇಲೆ ದಂಡೆತ್ತಿ ಹೋದ. ಅತ್ತ ಅಪ್ಪ ಮತ್ತು ಅಣ್ಣ ಆರೆಂಜ್ ರಾಜಕುಮಾರ ವಿಲಿಯಮ್‌ನ ಸೇವೆಯಲ್ಲಿ. ಇತ್ತ ಕ್ರಿಸ್ಟಿಯಾನ್ ಆ ಶತ್ರು ರಾಜನ ಅನ್ನ ತಿನ್ನುತ್ತ ಪ್ಯಾರಿಸ್‌ನಲ್ಲಿ. ಎದ್ದು ಬರಲಿಲ್ಲ. ಮರುವರ್ಷ, 1673ರಲ್ಲಿ ತನ್ನ ಅತಿ ದೊಡ್ಡ ಪುಸ್ತಕ, ಲೋಲಕದ ಗಡಿಯಾರದ ಪೂರ್ಣ ಗಣಿತ ಇರೋ ಹೊರೊಲೋಜಿಯಂ ಆಸಿಲೇಟೋರಿಯಂ ಅನ್ನು ಅದೇ ಲೂಯಿಗೆ ಅರ್ಪಿಸಿದ. ವಿಜ್ಞಾನಕ್ಕೆ ದೇಶ ಇಲ್ಲ ಅಂತ ಸುಲಭವಾಗಿ ಹೇಳಿಬಿಡಬಹುದು. ಊರು ಮುಳುಗುತ್ತಿರುವಾಗ ಮಗ ಅಲ್ಲಿ ಕೂತಾನ ಅಂತ ಹೇಗ್‌ನಲ್ಲಿ ಇದ್ದವರಿಗೆ ಹೆಂಗ ಅನ್ನಿಸಿರಬಹುದು ಅಂತ ನಾವು ಮಾತಾಡಿಕೊಂಡೆವು, ಒಮ್ಮತ ಬರಲಿಲ್ಲ. ಕೆಲವರು ಅವನ ಪರ, ಕೆಲವರು ವಿರುದ್ಧ. ನೀವೇ ಯೋಚನೆ ಮಾಡ್ರಿ.

1675ರಲ್ಲಿ ಲೋಲಕ ಬಿಟ್ಟು ಸುರುಳಿ ಸ್ಪ್ರಿಂಗ್ ಹಾಕಿ ಜೇಬಿನ ಗಡಿಯಾರ ಮಾಡಿಸಿದ. ಲಂಡನ್ನಿನ ರಾಬರ್ಟ್ ಹುಕ್ ಅದು ನನ್ನದು ಅಂತ ಜಗಳ ತೆಗೆದ. ಅದನ್ನು ಕಟ್ಟಿಕೊಟ್ಟ ಪ್ಯಾರಿಸ್ ಕುಶಲಕರ್ಮಿಯೊಡನೆಯೂ ತಕರಾರು. ಇದರ ನಡುವೆ ಮತ್ತೆ ಮತ್ತೆ ಕಾಯಿಲೆ, ಮನಸ್ಸಿಗೂ ಮಂಕು. 1670ರಲ್ಲಂತೂ ಬದುಕುವ ಆಸೆಯೇ ಹೋಗಿತ್ತು. ಎದ್ದಾಗಲೆಲ್ಲ ಮತ್ತೆ ಕೆಲಸ. ನಾವು ಪರೀಕ್ಷೆಗೆ ಓದಿದ ಬೆಳಕಿನ ಅಲೆಯ ತತ್ವವನ್ನು 1678ರಲ್ಲಿ ಅಕಾಡೆಮಿಯ ಮುಂದೆ ಮಂಡಿಸಿದ, ಆದರೆ ಪುಸ್ತಕವಾಗಿ ಬಂದದ್ದು 1690ರಲ್ಲಿ. 12 ವರ್ಷ ಇಟ್ಟುಕೊಂಡ!

1681ರಲ್ಲಿ ಕಾಯಿಲೆಯಿಂದ ಹೇಗ್‌ಗೆ ಮರಳಿದ, ಸುಧಾರಿಸಿ ಹೋದರಾಯಿತು ಅಂತ. ಹೋಗಲು ಆಗಲೇ ಇಲ್ಲ. 1683ರಲ್ಲಿ ಕೋಲ್ಬೇರ್ ತೀರಿಕೊಂಡ, 1685ರಲ್ಲಿ ಲೂಯಿ ಪ್ರಾಟೆಸ್ಟೆಂಟರಿಗೆ ಇದ್ದ ರಕ್ಷಣೆ ಕಿತ್ತುಹಾಕಿದ. ಹೈಗನ್ಸ್ ಪ್ರಾಟೆಸ್ಟೆಂಟ್ ಮನೆಯವನು. ಆ ಬಾಗಿಲು ಮುಚ್ಚಿತು.

ಕಾರಂಜಿಯ ಶ್ರುತಿ

ಇನ್ನು ಎರಡನೇ ಸಂಗತಿ. 1693ರಲ್ಲಿ, 64ರ ವಯಸ್ಸಿನಲ್ಲಿ, ಹೈಗನ್ಸ್ ಒಂದು ಪತ್ರದಲ್ಲಿ ಫ್ರಾನ್ಸಿನ ಶಾಂತಿಯಿ ಅರಮನೆಯ ತೋಟದ ವಿಷಯ ಬರೆದ. ಅಲ್ಲಿ ಒಂದು ಕಾರಂಜಿ, ಎದುರಿಗೆ ದೊಡ್ಡ ಕಲ್ಲಿನ ಮೆಟ್ಟಿಲುಗಳು. ಕಾರಂಜಿಯ ಸದ್ದು ಅಂದ್ರ ಬರೇ ಸೋ ಅನ್ನೋ ಸದ್ದು, ಅದಕ್ಕೆ ಶ್ರುತಿ ಇರೋದಿಲ್ಲ. ಆದರೆ ಮೆಟ್ಟಿಲು ಮತ್ತು ಕಾರಂಜಿಯ ನಡುವೆ ನಿಂತರೆ ಒಂದು ನಿಶ್ಚಿತ ಸ್ವರ ಕೇಳುತ್ತಿತ್ತು. ಪ್ರತಿ ಮೆಟ್ಟಿಲೂ ಸದ್ದನ್ನು ಸಮಾನ ಅಂತರದಲ್ಲಿ ತಿರುಗಿ ಕಳಿಸ್ತದ, ಆ ಅಂತರವೇ ಸ್ವರ ಆಗ್ತದ ಅಂತ ಅವನು ತಿಳಿದ. ಒಂದು ಮೆಟ್ಟಿಲಿನ ಅಗಲದಷ್ಟೇ ಉದ್ದದ ಕಾಗದದ ಕೊಳವೆ ಸುತ್ತಿ ನೋಡಿದ, ಅದೇ ಸ್ವರ. ಚಳಿಗಾಲದಲ್ಲಿ ಮೆಟ್ಟಿಲ ಮೇಲೆ ಹಿಮ ಬಿದ್ದಾಗ ಸ್ವರ ಮಾಯ.

ನಾವು ಲೆಕ್ಕ ಹಾಕಿ ನೋಡಿದೆವು. ಮೆಟ್ಟಿಲು ಸುಮಾರು ಒಂದೂವರೆ ಅಡಿ ಅಂದ್ರ 46 ಸೆಂಟಿಮೀಟರ್. ಹೋಗಿ ಬರಲು 92 ಸೆಂಟಿಮೀಟರ್, ಸದ್ದಿಗೆ 2.7 ಮಿಲಿಸೆಕೆಂಡ್. ಅಂದ್ರ ಸುಮಾರು 370 ಹರ್ಟ್ಸ್, ಹಾಡಲು ಬರುವಂಥ ಸ್ವರ.

ಸ್ಪೀಕರಿಗೂ ಇದೇ ಅನ್ವಯ. ಎರಡು ಸ್ಪೀಕರಿನ ನಡುವೆ 2-3 ಮಿಲಿಸೆಕೆಂಡ್ ವ್ಯತ್ಯಾಸ ಉಳಿದರೆ ಪ್ರತಿಧ್ವನಿ ಕೇಳೋದಿಲ್ಲ, ಬದಲಿಗೆ ದನಿ ಕೊಳವೆಯೊಳಗಿಂದ ಬಂದ ಹಂಗ ಟೊಳ್ಳಾಗ್ತದ. ಕೆಲವು ಸ್ವರ ಕೂಡಿ ಹೆಚ್ಚಾಗ್ತಾವ, ಕೆಲವು ಒಂದನ್ನೊಂದು ಅಳಿಸ್ತಾವ. ನಮ್ಮ ಪಠ್ಯದಲ್ಲಿ ಇದಕ್ಕೆ ಕೋಂಬ್ ಫಿಲ್ಟರ್ ಅಂತಾರ. ಅದಕ್ಕೇ ಒಂದೇ ಕೋಣೆಯೊಳಗಿನ ಎರಡು ಸ್ಪೀಕರಿಗೆ ಸಿಂಕ್ ಬಹಳ ಬಿಗಿಯಾಗಿರಬೇಕು. ನಡುವೆ ಗೋಡೆ ಇದ್ದರೆ ಅಷ್ಟು ಚಿಂತೆ ಬೇಡ. ಗುಂಪು ಮಾಡೋ ಮೊದಲು ಯಾವ ಸ್ಪೀಕರಿನ ದನಿ ಯಾವುದರ ಜೊತೆ ಒಂದೇ ಕಿವಿಗೆ ಬೀಳ್ತದ ಅಂತ ಮನೆಯಲ್ಲಿ ನಡೆದಾಡಿ ನೋಡ್ರಿ, ಅಲ್ಲಿ ಮೊದಲು ಹೊಂದಿಸ್ರಿ.

ಕೊನೆಯ ದಿನಗಳು

ಹೈಗನ್ಸ್ ಮದುವೆಯಾಗಲಿಲ್ಲ. 1687ರಲ್ಲಿ 90ರ ವಯಸ್ಸಿನ ಅಪ್ಪ ಹೋದ. ಅಣ್ಣ ಇಂಗ್ಲೆಂಡಿನ ರಾಜನಾದ ವಿಲಿಯಮ್ ಜೊತೆ ಲಂಡನ್ನಿಗೆ. 1689ರಲ್ಲಿ ಅಲ್ಲಿಗೆ ಹೋಗಿ ನ್ಯೂಟನ್‌ನನ್ನು ಕಂಡು ಬಂದ. ಇಬ್ಬರಿಗೂ ಒಬ್ಬರ ಬಗ್ಗೆ ಒಬ್ಬರಿಗೆ ಗೌರವ, ಒಪ್ಪಿಗೆ ಮಾತ್ರ ಅರ್ಧಂಬರ್ಧ. 1691ರಲ್ಲಿ ಸಂಗೀತದ ಒಂದು ಸಪ್ತಕವನ್ನು 31 ಸಮಭಾಗ ಮಾಡೋ ಪದ್ಧತಿಯ ಬಗ್ಗೆ ಬರೆದ. ಚಿಕ್ಕಂದಿನ ಹಾರ್ಪ್ಸಿಕಾರ್ಡ್ ಅವನನ್ನು ಬಿಟ್ಟಿರಲಿಲ್ಲ. ಹಡಗಿನ ಗಡಿಯಾರವನ್ನೂ ಬಿಟ್ಟಿರಲಿಲ್ಲ, ಆದರೆ ಸಮುದ್ರವನ್ನು ಗೆದ್ದದ್ದು ಅವನ ಲೋಲಕ ಅಲ್ಲ, ಮುಂದಿನ ಶತಮಾನದ ಜಾನ್ ಹ್ಯಾರಿಸನ್‌ನ ಸ್ಪ್ರಿಂಗ್ ಗಡಿಯಾರ.

1695ರ ಜುಲೈ 8ರಂದು ಹುಟ್ಟಿದ ಊರಿನಲ್ಲೇ ತೀರಿಕೊಂಡ. ಬೇರೆ ಲೋಕಗಳಲ್ಲಿ ಜೀವ ಇರಬಹುದೇ ಅಂತ ಅವನು ಬರೆದಿಟ್ಟ ಪುಸ್ತಕ ಸತ್ತ ಮೇಲೆ, 1698ರಲ್ಲಿ ಅಚ್ಚಾಯಿತು. 2005ರ ಜನವರಿ 14ರಂದು ಅವನ ಹೆಸರಿನ ನೌಕೆ, ಅವನೇ ಮೊದಲು ಕಂಡ ಟೈಟಾನ್ ಮೇಲೆ ಇಳಿಯಿತು.

ದೊಡ್ಡ ಲ್ಯಾಬ್ ಇಲ್ಲ, ಮೀಟರ್ ಇಲ್ಲ ಅಂತ ನಾವು ಆಗಾಗ ಗೊಣಗ್ತೀವಿ. ಎರಡು ಕುರ್ಚಿ, ಒಂದು ಹಲಗೆ, ಒಂದು ಕಾಗದದ ಕೊಳವೆ. ಇಷ್ಟರಲ್ಲೇ ಅವನು ಏನೇನು ಮಾಡಿದ ನೋಡ್ರಿ. ನಿಮ್ಮ ಮನೆಯಲ್ಲೂ ಎರಡು ಹಳೇ ಫೋನ್ ಮೂಲೆಯಲ್ಲಿ ಬಿದ್ದಿದ್ದರೆ ತೆಗೀರಿ, ಟಕ್ ಸದ್ದು ಹಾಕಿ ಬಾಗಿಲಲ್ಲಿ ನಿಂತು ಕೇಳ್ರಿ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನೂ ಕೇಳ್ರಿ, ಒಂದು ಕೇಳ್ತದೋ ಎರಡೋ ಅಂತ.